ನಮ್ಮ ಭಾವ ಕಾರು ನಿಲ್ಲಿಸಿದ್ದು

ನಮ್ಮ ಭಾವನಿಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಮಾಸ್ಟ್ರು.

ನಗಬೇಡಿ. ನಕ್ಕರೆ ನಿಮಗೆ ಲೋಕಜ್ಞಾನ ಸಾಲದು ಅಂತ ಅರ್ಥ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವನ ಕಾಲ ಕೆಳಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಮಾಸ್ಟ್ರ ಕಾಲ ಕೆಳಗೆ. ಸ್ಟೇರಿಂಗು, ಗೇರು, ಆಕ್ಸಿಲರೇಟರು, ಹಾರ್ನು, ಬೆವರು ಎಲ್ಲ ಕಲಿಯುವವನದು. ಮಾಸ್ಟ್ರದು ಬ್ರೇಕ್ ಒಂದೇ. ಭಾವ ಮೊದಲು ಆ ಸ್ಕೂಲಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಒಂದು ದಿನ ಅಲ್ಲಿನ ಮಾಸ್ಟ್ರೊಬ್ಬರು ಹೇಳದೆ ಕೇಳದೆ ಕೆಲಸ ಬಿಟ್ಟರು. ಸ್ಕೂಲಿನ ಓನರಮ್ಮ ಸುತ್ತ ಕಣ್ಣಾಡಿಸಿದರು. ಭಾವ ಕಾಣಿಸಿದರು. "ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ, ಏನಾದ್ರೂ ಅಡ್ಡ ಬಂದ್ರೆ ಒತ್ತಿ" ಅಂದರು. ಭಾವ ಹೋಗಿ ಕೂತರು. ಅಡ್ಡ ಬಂತು, ಒತ್ತಿದರು. ಅವತ್ತಿನಿಂದ ಒತ್ತುತ್ತಲೇ ಇದ್ದಾರೆ.

ಲೈಸೆನ್ಸ್ ಇಲ್ಲವೇ ಅಂತ ಕೇಳುತ್ತೀರಿ. ಇದೆ, ಫೋಟೋ ಸಮೇತ ಇದೆ. ಪರೀಕ್ಷೆಯ ದಿನ ಬಿಸಿಲು ಜೋರಾಗಿತ್ತಂತೆ. ಆಗಿನ ಇನ್‌ಸ್ಪೆಕ್ಟರು ಮರದ ನೆರಳಿನಿಂದಲೇ "ಸ್ಟಾರ್ಟ್ ಮಾಡು" ಅಂದರಂತೆ, ಮಾಡಿದರಂತೆ. "ಆಫ್ ಮಾಡು" ಅಂದರಂತೆ, ಅದನ್ನೂ ಮಾಡಿದರಂತೆ. ಪಾಸು. ಇವೆರಡರ ನಡುವೆ ಏನಾದರೂ ಆಗಬೇಕಿತ್ತು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಕಾರನ್ನು ಶೆಡ್ಡಿನಿಂದ ಈಚೆ ತೆಗೆಯುವುದು ಮೊದಲನೆಯ ಶಿಷ್ಯ, ರಿವರ್ಸ್ ಪಾಠ ಅನ್ನುವ ಹೆಸರಿನಲ್ಲಿ. ಸಂಜೆ ಒಳಗೆ ಬಿಡುವುದು ಕೊನೆಯ ಶಿಷ್ಯ, ಪಾರ್ಕಿಂಗ್ ಪಾಠ ಅನ್ನುವ ಹೆಸರಿನಲ್ಲಿ. ಇಷ್ಟು ವರ್ಷ ಯಾರಿಗೂ ಅನುಮಾನ ಬಂದಿಲ್ಲ. ಬದಲಿಗೆ, ಒಂದೇ ಒಂದು ಅಪಘಾತ ಮಾಡದ ಮನುಷ್ಯ ಅಂತ ಬೀದಿಯಲ್ಲಿ ಹೆಸರು ಬಂದಿದೆ. ಕುರ್ಚಿಯೂ ಅಪಘಾತ ಮಾಡಿಲ್ಲ, ಅದಕ್ಕೆ ಯಾರೂ ನಮಸ್ಕಾರ ಹೊಡೆಯುವುದಿಲ್ಲ.

ಆದರೆ ಆ ಕಾಲು ಇದೆಯಲ್ಲ, ಅದು ಮನೆಯಲ್ಲೂ ಸುಮ್ಮನಿರುವುದಿಲ್ಲ. ಅಕ್ಕನ ಕೈಯಿಂದ ಲೋಟ ಜಾರಿದರೆ ಭಾವನ ಬಲಗಾಲು ನೆಲ ಒತ್ತುತ್ತದೆ. ಲೋಟ ನಿಲ್ಲುವುದಿಲ್ಲ, ಅದು ಬೇರೆ ವಿಷಯ. ಟಿವಿಯಲ್ಲಿ ರೈಲು ಬಂದರೆ ಒತ್ತುತ್ತಾರೆ. ಅವರ ಕುರ್ಚಿಯ ಮುಂದೆ ನೆಲದ ಸಿಮೆಂಟು ಹಿಮ್ಮಡಿಯಷ್ಟು ಸವೆದಿದೆ. ಅವರ ಶಿಷ್ಯರನ್ನು ಎಲ್ಲಿ ಬೇಕಾದರೂ ಗುರುತಿಸಬಹುದು, ಹಣೆಯ ಮೇಲೆ ಬುಗುಟು ಇರುತ್ತದೆ. ಯಾರಾದರೂ ಹಣೆ ಉಜ್ಜಿಕೊಂಡು ಗೊಣಗಿದರೆ ಭಾವ ಹೇಳುತ್ತಾರೆ, "ಕಾರು ನಿಂತಿತು. ನೀನು ನಿಲ್ಲಲಿಲ್ಲ. ತಪ್ಪು ಯಾರದಪ್ಪಾ?" ಶಿಷ್ಯ ಯೋಚಿಸಿ, "ನಂದೇ ಸಾರ್" ಅನ್ನುತ್ತಾನೆ. ಫೀಸು ಕೊಟ್ಟು ತಲೆ ಚಚ್ಚಿಸಿಕೊಂಡು ತಪ್ಪನ್ನೂ ಒಪ್ಪಿಕೊಳ್ಳುವ ಇಂಥ ಜನ ಇರುವ ತನಕ ಭಾವನಿಗೇನು ಭಯ?

ಭಯ ಓನರಮ್ಮನಿಂದ ಬಂತು. ಕಲಿಯಲು ಬರುವವರು ಕಡಿಮೆಯಾಗಿದ್ದರು. ಸ್ಕೂಲಿನಲ್ಲಿ ಇದ್ದದ್ದು ಒಂದೇ ಕಾರು, ಅದಕ್ಕೆ ಇಬ್ಬರು ಮಾಸ್ಟ್ರು. ಇನ್ನೊಬ್ಬರು ಗಡ್ಡದ ಮಾಸ್ಟ್ರು. ಮೊದಲು ಲಾರಿ ಓಡಿಸುತ್ತಿದ್ದವರು, ಮಾತು ಕಮ್ಮಿ. ಓನರಮ್ಮ ಇಬ್ಬರನ್ನೂ ಕರೆದು, "ಇನ್ನು ಮುಂದೆ ಒಬ್ಬರಿಗೇ ಕೆಲಸ. ಯಾರನ್ನ ಇಟ್ಕೋಬೇಕು ಅಂತ ನೋಡ್ತೀನಿ" ಅಂದುಬಿಟ್ಟರು.

ಮನೆಗೆ ಬಂದು ಹೇಳಿದಾಗ ಅಕ್ಕ ಅಲ್ಲೇ ಕೂತುಬಿಟ್ಟಳು. ಭಾವನ ಕೆಲಸ ಹೋದರೆ ಬಾಡಿಗೆ ಮನೆ ಬಿಟ್ಟು ಅವರ ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ವಾರಗಿತ್ತಿ ಇದ್ದಾಳೆ. ಫ್ರಿಜ್ಜಿನ ಬಾಗಿಲು ಯಾರು ಎಷ್ಟು ಸಲ ತೆಗೆದರು ಅಂತ ಅಡುಗೆಮನೆಯಲ್ಲಿ ನಿಂತು ಎಣಿಸುವ ಹೆಂಗಸು. "ರೀ, ನಾನು ಬೇಕಾದ್ರೆ ಬಸ್ ಸ್ಟ್ಯಾಂಡಿನಲ್ಲಿ ಇರ್ತೀನಿ, ಅವಳ ಕೈಕೆಳಗೆ ಇರಲ್ಲ. ಏನಾದ್ರೂ ಮಾಡಿ ಈ ಕೆಲಸ ಉಳಿಸ್ಕೊಳ್ಳಿ" ಅಂತ ಅತ್ತಳು. ನಾನು ಅವರ ಮನೆಯಲ್ಲೇ ಇರುವವನು. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಪಂಕ್ಚರ್ ಅಂಗಡಿ ಸೇರಿದವನು. ವಾರಗಿತ್ತಿಯ ಮನೆಯಲ್ಲಿ ನನಗೆ ಬಸ್ ಸ್ಟ್ಯಾಂಡಿನಷ್ಟೂ ಜಾಗ ಇರಲಿಲ್ಲ.

ಹೀಗಿರುವಾಗ ಎದುರು ಮನೆಯ ಕ್ಯಾಷಿಯರ್ ಹೊಸ ಕಾರು ಕೊಂಡರು.

ಭಾನುವಾರ ಬೆಳಿಗ್ಗೆ ಭಾವ ಮೊದಲ ಮಹಡಿಯ ನಮ್ಮ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು. ಕ್ಯಾಷಿಯರ್ ಕೆಳಗಿನಿಂದಲೇ ಕೂಗಿದರು. "ಮಾಸ್ಟ್ರೇ! ಶೋರೂಮಿನಿಂದ ಕಾರು ತರಬೇಕು. ನನಗೆ ಇನ್ನೂ ಕೈ ನಡುಗುತ್ತೆ. ನಿಮ್ಮ ಕೈಯಿಂದಲೇ ಮನೆಗೆ ಬರಲಿ, ಹೊರಡಿ!"

ಟೈಲರ್ ಅಂಗಡಿಯಿಂದ ತಲೆ ಹೊರಗೆ ಹಾಕಿದ. ಪಕ್ಕದ ಮನೆಯ ನಿವೃತ್ತ ಲೆಕ್ಚರರ್ ಕನ್ನಡಕ ಏರಿಸಿದರು. ಭಾವನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಬಾಲ್ಕನಿಯ ಕಟ್ಟೆ ಮೇಲೆ, ಒಣಹಾಕಿದ ಟವೆಲ್ ಹಾರದಿರಲಿ ಅಂತ ಅಕ್ಕ ಒಂದು ಇಟ್ಟಿಗೆ ಇಟ್ಟಿದ್ದಳು. ಭಾವ ಯಾಕೆ ಅದನ್ನು ಕೈಗೆತ್ತಿಕೊಂಡರೋ ಗೊತ್ತಿಲ್ಲ, ಬಹುಶಃ ತಲೆಗೆ ಹೊಡೆದುಕೊಳ್ಳಲು. ಆದರೆ ಎತ್ತಿಕೊಂಡ ಮೇಲೆ ಅವರೊಳಗಿನ ವಿಜ್ಞಾನಿ ಎದ್ದ.

"ಸ್ವಲ್ಪ ಹಿಂದೆ ಸರೀರಿ" ಅಂದರು. ಒಂದು ಕೈಯಲ್ಲಿ ಇಟ್ಟಿಗೆ, ಇನ್ನೊಂದು ಕೈಯಲ್ಲಿ ಪೇಪರಿನ ಹಾಳೆ. ಎರಡನ್ನೂ ಒಟ್ಟಿಗೆ ಬಿಟ್ಟರು. ಇಟ್ಟಿಗೆ ದಬ್ ಅಂತ ಬಿತ್ತು. ಹಾಳೆ ಅತ್ತ ಇತ್ತ ತೂಗಾಡಿ, ಟೈಲರ್ ಬೋರ್ಡಿಗೆ ಒಮ್ಮೆ ಮುಖ ತೋರಿಸಿ, ಬಲು ಸಾವಕಾಶವಾಗಿ ಇಳಿಯಿತು.

"ನೋಡಿದ್ರಾ?"

"ನೋಡಿದೆ."

"ಏನ್ ನೋಡಿದ್ರಿ?"

"ಪೇಪರ್ ಬಿತ್ತು."

"ಯಾವಾಗ ಬಿತ್ತು?"

"ಆಮೇಲೆ ಬಿತ್ತು."

"ಅಷ್ಟೇ ನಾನು ಹೇಳೋದು! ಗಾಳಿ ತಡೀತಾ ಇದೆ ಸ್ವಾಮೀ. ಹಾಳೆಯನ್ನೇ ಇಷ್ಟು ಹೊತ್ತು ಎತ್ತಿ ಹಿಡಿದಿರೋ ಗಾಳಿ, ನಿಮ್ಮ ಹೊಸ ಕಾರನ್ನ ಸುಮ್ನೆ ಬಿಡುತ್ತಾ? ಚಕ್ರಕ್ಕೂ ರಸ್ತೆಗೂ ಇರೋ ಹಿಡಿತ ಸಡಿಲ ಆಗುತ್ತೆ. ಬ್ರೇಕ್ ಇಲ್ಲಿ ಒತ್ತಿದ್ರೆ ಕಾರು ನಿಮ್ಮ ಮಾವನ ಮನೇಲಿ ಹೋಗಿ ನಿಲ್ಲುತ್ತೆ. ಇವತ್ತು ಬೇಡ."

ಪೇಪರು ಹುಟ್ಟಿದಾಗಿನಿಂದಲೂ ಪೇಪರು ನಿಧಾನವಾಗಿಯೇ ಬೀಳುತ್ತಿದೆ. ಅದಕ್ಕೆ ಇನ್ನೊಂದು ಬಗೆಯಲ್ಲಿ ಬೀಳಲು ಬರುವುದಿಲ್ಲ. ಇದನ್ನು ಹೇಳಲು ಯಾರಾದರೂ ಬಾಯಿ ತೆರೆಯುತ್ತಾರೆ ಅಂತ ನಾನು ಕಾದೆ. ತೆರೆದವರು ಲೆಕ್ಚರರು. "ತಾತ್ವಿಕವಾಗಿ ಸರಿ. ಆದರೆ ಗಾಳಿಯೇ ಇಲ್ಲದಿದ್ದರೆ ಎರಡೂ ಒಟ್ಟಿಗೆ..."

"ಗಾಳಿಯೇ ಇಲ್ಲದಿದ್ರೆ ನಾವೇ ಇರಲ್ಲ ಸಾರ್, ಸುಮ್ನಿರಿ" ಅಂದ ಟೈಲರ್.

ಲೆಕ್ಚರರು ಕನ್ನಡಕ ಇಳಿಸಿದರು. ಮೂವತ್ತು ವರ್ಷ ಇದನ್ನೇ ಪಾಠ ಮಾಡಿ ಸಂಬಳ ಎಣಿಸಿದ ಮನುಷ್ಯ, ಒಬ್ಬ ಟೈಲರ್ ಗದರಿಸಿದ್ದಕ್ಕೆ ಗುರುತ್ವಾಕರ್ಷಣೆಯನ್ನೇ ಬಿಟ್ಟುಕೊಟ್ಟರು.

ಕ್ಯಾಷಿಯರ್ ಕೈಮುಗಿದು ಹೋದರು. ಮಾರನೆಯ ದಿನ ಬಂದರು. ಇಟ್ಟಿಗೆ, ಹಾಳೆ, ದಬ್, ತೂಗಾಟ. "ಇವತ್ತೂ ಬೇಡ." ಅದರ ಮಾರನೆಯ ದಿನವೂ ಬೇಡ. ಕೊನೆಗೆ ಶೋರೂಮಿನವರೇ ಬೇಸತ್ತು, ನಮ್ಮ ಹುಡುಗನ ಕೈಲಿ ಕಳಿಸುತ್ತೇವೆ ಅಂತ ಫೋನು ಮಾಡಿದರು. ಅವತ್ತು ಭಾವ ಹಾಳೆಯನ್ನು ಮುದುರಿ, ಅಂಗೈಯಲ್ಲಿ ಒತ್ತಿ ಉಂಡೆ ಮಾಡಿ ಬಿಟ್ಟರು. ಇಟ್ಟಿಗೆಯೂ ಉಂಡೆಯೂ ಒಟ್ಟೊಟ್ಟಿಗೆ ನೆಲ ಮುಟ್ಟಿದವು.

"ಆಹಾ! ಇವತ್ತು ಗಾಳಿ ದಾರಿ ಬಿಟ್ಟಿದೆ. ತರಿಸ್ಕೊಳ್ಳಿ."

ಬೀದಿ ಚಪ್ಪಾಳೆ ತಟ್ಟಿತು. ಹಾಳೆ ಮುದುರಿದ್ದನ್ನು ಇಡೀ ಬೀದಿ ನೋಡಿತ್ತು. ನೋಡುವುದಕ್ಕೂ ಕಾಣುವುದಕ್ಕೂ ನಮ್ಮ ಬೀದಿಯವರಿಗೆ ಸಂಬಂಧವಿಲ್ಲ.

ಅವತ್ತಿನಿಂದ ಶುರುವಾಯಿತು ನೋಡಿ. ಬೆಳಿಗ್ಗೆಯಾದರೆ ಬಾಲ್ಕನಿಯ ಕೆಳಗೆ ಸ್ಕೂಟರು, ಬೈಕು, ಹಾಲಿನ ವ್ಯಾನು. ಹೆಲ್ಮೆಟ್ ಹಾಕಿಕೊಂಡ ಗಂಡಸರು, ಚೀಲ ಹೊತ್ತ ಮಕ್ಕಳು, ಎಲ್ಲರೂ ಕತ್ತೆತ್ತಿ ನಿಂತಿರುತ್ತಿದ್ದರು. ಭಾವ ಮುಖ ತೊಳೆದು, ತಲೆ ಬಾಚಿ, ಇಟ್ಟಿಗೆ ಹಿಡಿದು ಈಚೆ ಬರುತ್ತಿದ್ದರು. ಅವರಿಗೆ ಯಾರ ಮೇಲಾದರೂ ಕೋಪ ಇದ್ದ ದಿನ ಹಾಳೆ ಬಿಡಿಸಿಕೊಂಡು ಬೀಳುತ್ತಿತ್ತು, ಇಡೀ ಬೀದಿ ಕೆಲಸಕ್ಕೆ ನಡೆದು ಹೋಗುತ್ತಿತ್ತು. ಅಕ್ಕ ಚೆನ್ನಾಗಿ ತಿಂಡಿ ಮಾಡಿದ ದಿನ ಹಾಳೆ ಉಂಡೆಯಾಗುತ್ತಿತ್ತು. ಒಂದು ದಿನ ಇಟ್ಟಿಗೆ ತಪ್ಪಿ ಟೈಲರ್ ಸ್ಕೂಟರಿನ ದೀಪದ ಮೇಲೆ ಬಿತ್ತು. ಜಗಳ ಆಗುತ್ತದೆ ಅಂತ ನಾನು ಖುಷಿಯಿಂದ ಕೆಳಗೆ ಓಡಿದೆ. ಟೈಲರ್ ಒಡೆದ ಗಾಜನ್ನು ಗಿರಾಕಿಗಳಿಗೆ ತೋರಿಸುತ್ತಾ, "ಪ್ರಯೋಗದಲ್ಲಿ ಹೋಗಿದ್ದು" ಅಂತ ಎದೆ ಉಬ್ಬಿಸಿ ಹೇಳುತ್ತಿದ್ದ. ದೀಪವನ್ನು ಇವತ್ತಿಗೂ ಹಾಕಿಸಿಲ್ಲ.

"ಭಾವ, ನಾಳೆ ಯಾರದಾದ್ರೂ ತಲೆ ಮೇಲೆ ಬೀಳುತ್ತೆ" ಅಂದೆ.

"ಬಿದ್ದರೆ ಬೀಳಲಿ ಬಿಡೋ, ಖಾಲಿ ಜಾಗ" ಅಂದರು. ಇಷ್ಟು ಮಟ್ಟಿಗೆ ಭಾವನ ವಿಜ್ಞಾನ ಸರಿಯಾಗಿಯೇ ಇತ್ತು.

ಸಾರಿಗೆ ಆಫೀಸಿನ ಗುಮಾಸ್ತನೊಬ್ಬ ನಮ್ಮ ಬೀದಿಯಲ್ಲೇ ಇದ್ದ. ಅವನು ದಿನಾ ತಡವಾಗಿ ಆಫೀಸಿಗೆ ಹೋಗತೊಡಗಿದ. ಯಾಕೆ ತಡ ಅಂತ ಇನ್‌ಸ್ಪೆಕ್ಟರ್ ಕೇಳಿದರೆ, "ಇಟ್ಟಿಗೆ ಬಿದ್ದಿರಲಿಲ್ಲ ಸಾರ್" ಅಂದನಂತೆ. ಎರಡು ಸಲ ಬೈದ ಮೇಲೆ ಮೂರನೆಯ ಸಲ ಇನ್‌ಸ್ಪೆಕ್ಟರ್ ಸಾಹೇಬರೇ ಬಂದರು. ಬಾಡಿಗೆ ಗಾಡಿಯಲ್ಲಿ ಬಂದರು. ಇಲಾಖೆಯ ಜೀಪು ರಿಪೇರಿಗೆ ಹೋಗಿತ್ತಂತೆ. ಅದು ರಿಪೇರಿಗೆ ಹೋಗಿ ಎಷ್ಟು ಕಾಲವಾಗಿತ್ತೆಂದರೆ, ಅದರೊಳಗೆ ಬೆಕ್ಕು ಮೂರು ಸಲ ಮರಿ ಹಾಕಿತ್ತು.

ಸಾಹೇಬರು ಬಿರುಸಾಗಿಯೇ ಮೆಟ್ಟಿಲು ಹತ್ತಿದರು. "ಯಾರ್ರೀ ಅದು, ಜನರ ಗಾಡಿ ನಿಲ್ಲಿಸ್ತಾ ಇರೋರು?"

ಭಾವನಿಗೆ ಗಂಟಲು ಒಣಗಿತು. ಗಂಟಲು ಒಣಗಿದಾಗ ಅವರ ಬಾಯಿಂದ ವಿಜ್ಞಾನ ಬರುತ್ತದೆ. "ಸಾರ್, ಎಲ್ಲರೂ ಗಾಡಿ ಓಡಿಸೋದನ್ನ ನೋಡ್ತಾರೆ. ನಿಲ್ಲಿಸೋದನ್ನ ಯಾರು ನೋಡ್ತಾರೆ? ಭಾರ ಕೆಳಕ್ಕೆ ಎಳೆಯುತ್ತೆ. ವೇಗ ಮುಂದಕ್ಕೆ ಎಳೆಯುತ್ತೆ. ಘರ್ಷಣೆ ಹಿಂದಕ್ಕೆ ಎಳೆಯುತ್ತೆ. ಗಾಳಿ ಎಲ್ಲಾ ಕಡೆಗೂ ಎಳೆಯುತ್ತೆ. ಈ ನಾಲ್ಕರ ನಡುವೆ ಒಬ್ಬ ಬಡಪಾಯಿ ಬ್ರೇಕ್ ಮೇಲೆ ಕಾಲಿಟ್ಟು ಕೂತಿರ್ತಾನೆ. ಅವನನ್ನ ಕೇಳೋರು ಯಾರು ಸಾರ್?"

ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಗೌರವಿಸುವುದು ಇಲಾಖೆಯ ಪದ್ಧತಿ. ಅವರು ಕುರ್ಚಿ ಎಳೆದು ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇಂಥೋರು ನಮಗೆ ಬೇಕಾಗಿತ್ತು ಕಣ್ರೀ. ಊರ ಹೊರಗೆ ಹೊಸ ಪರೀಕ್ಷಾ ಮೈದಾನ ಆಗಿದೆ. ಉದ್ಘಾಟನೆ ದಿನ ನೀವು ಜನರ ಮುಂದೆ ಕಾರು ನಿಲ್ಲಿಸಿ ತೋರಿಸ್ಬೇಕು."

ಸುದ್ದಿ ಓನರಮ್ಮನಿಗೆ ಮುಟ್ಟಿತು. ಅವರಿಗೆ ಹಾಲು ಕುಡಿದಷ್ಟು ಸಂತೋಷ. "ಒಳ್ಳೇದಾಯ್ತು ಬಿಡಿ. ಅಲ್ಲೇ ತೀರ್ಮಾನ ಆಗಲಿ. ಇಬ್ಬರೂ ಒಂದೇ ಕಾರಲ್ಲಿ ನಿಲ್ಲಿಸಿ ತೋರಿಸಿ. ಯಾರು ಕಮ್ಮಿ ದೂರದಲ್ಲಿ ನಿಲ್ಲಿಸ್ತಾರೋ ಅವರಿಗೆ ಕೆಲಸ, ಇನ್ನೊಬ್ಬರು ಮನೆಗೆ" ಅಂದರು. ಗಡ್ಡದ ಮಾಸ್ಟ್ರು ತಲೆ ಆಡಿಸಿದರು. ಭಾವನೂ ಆಡಿಸಿದರು, ಆದರೆ ಅದು ಬೇರೆ ಬಗೆಯ ಅಲ್ಲಾಟ.

ಸಂಜೆ ನನ್ನನ್ನು ಟೆರೇಸಿಗೆ ಕರೆದುಕೊಂಡು ಹೋದರು.

"ಲೋ, ಒಂದು ಮಾತು ಹೇಳ್ತೀನಿ, ನಿಮ್ಮಕ್ಕನಿಗೆ ಹೇಳ್ಬೇಡ. ನನಗೆ ಕಾರು ಓಡಿಸೋಕೆ ಬರಲ್ಲ ಕಣೋ."

"ಗೊತ್ತು ಭಾವ."

"ಗೊತ್ತಾ? ಹೆಂಗೆ ಗೊತ್ತು?"

"ನೀವು ಓಡಿಸಿದ್ದನ್ನ ಯಾರೂ ನೋಡಿಲ್ಲವಲ್ಲ."

ಭಾವ ಇದನ್ನು ಯೋಚಿಸಿರಲಿಲ್ಲ. ನೀರಿನ ಟ್ಯಾಂಕಿಗೆ ಒರಗಿ ನಿಂತರು. "ನಿನಗೆ ಬರುತ್ತೇನೋ? ನೀನು ಟೈರ್ ಅಂಗಡೀಲಿ ಇದೀಯಲ್ಲ."

"ನಂಗೆ ಚಕ್ರ ಬಿಚ್ಚೋಕೆ ಬರುತ್ತೆ. ಬಿಚ್ಚಿದ ಮೇಲೆ ಯಾರೂ ಓಡಿಸಲ್ಲ. ಗಡ್ಡದ ಮಾಸ್ಟ್ರ ಹತ್ರ ಹೇಳಿಸ್ಕೊಳ್ಳಿ ಭಾವ. ಒಂದು ವಾರದಲ್ಲಿ ಕಲಿಸ್ತಾರೆ."

"ಅವನ ಹತ್ರಾನಾ? ಮಾಸ್ಟ್ರು ಹೋಗಿ ಮಾಸ್ಟ್ರ ಹತ್ರ ಕಲಿಯೋದಾ? ನನ್ನ ಮರ್ಯಾದೆ ಏನಾಗ್ಬೇಕು?"

ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಹೆಂಡತಿ ಹೋಗಿ ವಾರಗಿತ್ತಿಯ ಫ್ರಿಜ್ಜಿನ ಮುಂದೆ ಕೈಕಟ್ಟಿ ನಿಲ್ಲುತ್ತಾಳೆ. ಆದರೆ ಮರ್ಯಾದೆ ಮಾತ್ರ ಇರಬೇಕು. ಇಂಥ ಗಂಡಸರ ಮರ್ಯಾದೆಯನ್ನು ಒಂದು ಸಲ ತೂಕಕ್ಕೆ ಹಾಕಿ ನೋಡಬೇಕು, ಹಾಳೆಗಿಂತ ನಿಧಾನವಾಗಿ ಬೀಳುತ್ತದೆ.

ಅಕ್ಕನಂತೂ ಆಗಲೇ ವಾರಗಿತ್ತಿಗೆ ಫೋನು ಮಾಡಿ, "ನಮ್ಮೋರನ್ನ ಸರ್ಕಾರದೋರೇ ಕರೆದಿದಾರೆ ಕಣಕ್ಕ. ನಿಮ್ಮಲ್ಲಿಗೆ ಬಂದು ಇರೋಕೆ ಅವರಿಗೆಲ್ಲಿ ಬಿಡುವು" ಅಂತ ಹೇಳಿ ಮುಗಿಸಿದ್ದಳು. ಹಿಂದಕ್ಕೆ ಹೋಗುವ ದಾರಿ ಹಾಗೆ ಮುಚ್ಚಿತು.

ಉದ್ಘಾಟನೆಯ ದಿನ ಬೆಳಿಗ್ಗೆ ಭಾವ ಬಾಲ್ಕನಿಗೆ ಬಂದು, ಅಷ್ಟು ದೊಡ್ಡ ಹಾಳೆಯನ್ನು ಪೂರ್ತಿ ಬಿಡಿಸಿ, ಇಟ್ಟಿಗೆಯ ಜೊತೆ ಬಿಟ್ಟರು. ಹಾಳೆ ಕೆಳಗೆ ಬರಲೇ ಇಲ್ಲ, ಹಾರಿ ಲೆಕ್ಚರರ ಮನೆ ಹೆಂಚಿನ ಮೇಲೆ ಕೂತಿತು. "ಅಯ್ಯಯ್ಯೋ, ಇಂಥ ಗಾಳಿ ನಾನು ನೋಡೇ ಇಲ್ಲ. ಇವತ್ತು ಕಾರ್ಯಕ್ರಮ ಆಗಬಾರದು, ಆದರೆ ಅನಾಹುತ" ಅಂತ ಗುಮಾಸ್ತನ ಕೈಲಿ ಹೇಳಿಕಳಿಸಿದರು. ಗುಮಾಸ್ತ ಫೋನು ಮಾಡಿ ತಿರುಗಿ ಬಂದ. "ಸಾಹೇಬ್ರು ಹೇಳಿದ್ರು, ಶಾಮಿಯಾನ ಹಾಕಿ ಆಗಿದೆ, ಕುರ್ಚಿ ಬಂದಿವೆ, ಕಾರ್ಯಕ್ರಮ ಆಗೇ ಆಗುತ್ತೆ. ಇಟ್ಟಿಗೆ ನಮ್ಮ ಇಲಾಖೆಗೆ ಬರಲ್ಲವಂತೆ."

ಹೀಗೆ ಗಡ್ಡದ ಮಾಸ್ಟ್ರು ಸ್ಕೂಲಿನ ಕಾರು ಓಡಿಸಿಕೊಂಡು ಬಂದರು. ಹಿಂದೆ ಓನರಮ್ಮ, ಪಕ್ಕದ ಸೀಟಿನಲ್ಲಿ ಭಾವ. ಮೂಲೆಗೆ ನನ್ನನ್ನೂ ತುಂಬಿಕೊಂಡರು, ಚಕ್ರ ಏನಾದರೂ ಆದರೆ ಇರಲಿ ಅಂತ. ದಾರಿಯುದ್ದಕ್ಕೂ ಭಾವ ಒತ್ತುತ್ತಲೇ ಇದ್ದರು. ಗಡ್ಡದ ಮಾಸ್ಟ್ರು ಪ್ರತಿ ಸಲವೂ ಗೇರು ಬದಲಿಸಿ ಮುಂದೆ ಹೊರಟರು.

ಮೈದಾನದಲ್ಲಿ ನಮ್ಮ ಬೀದಿಗೆ ಬೀದಿಯೇ ನೆರೆದಿತ್ತು. ಬಿಳಿ ಗೆರೆ ಎಳೆದಿದ್ದರು. ಸಾಹೇಬರು ಮೈಕಿನಲ್ಲಿ, "ಈ ಗೆರೆ ಮುಟ್ಟಿದ ಕೂಡಲೆ ಬ್ರೇಕ್ ಒತ್ತಬೇಕು. ಒತ್ತಿದ ಮೇಲೆ ಕಾರು ಎಷ್ಟು ದೂರ ಹೋಗುತ್ತೋ ಅಳೀತೀವಿ" ಅಂದರು.

ಗಡ್ಡದ ಮಾಸ್ಟ್ರು ದೂರದಿಂದ ಬಂದರು. ನಲವತ್ತರ ವೇಗ. ಗೆರೆ ಮುಟ್ಟುತ್ತಲೇ ಒತ್ತಿದರು. ಕಾರು ಮೂಗು ಬಗ್ಗಿಸಿತು, ಟೈರು ಕಿರ್ ಅಂದಿತು, ಮಣ್ಣು ಎದ್ದಿತು, ಕಾರು ಅಲ್ಲಾಡದೆ ನೆಟ್ಟಗೆ ಬಂದು ನಿಂತಿತು. ಟೈರಿನ ಜೊತೆ ಬದುಕುವ ನನಗೆ ಗೊತ್ತು, ಅದು ಚೊಕ್ಕ ಕೆಲಸ. ಟೇಪು ಹಿಡಿದು ಅಳೆದರು. ಹೆಚ್ಚುಕಡಿಮೆ ಒಂದು ಲಾರಿಯಷ್ಟು ಉದ್ದ.

"ಛೇ ಛೇ, ಅಷ್ಟು ದೂರಾನಾ?" ಅಂದರು ಕ್ಯಾಷಿಯರ್.

"ಗೆರೆ ದಾಟಿಬಿಟ್ಟ!" ಅಂದ ಟೈಲರ್, ಕಳ್ಳನನ್ನು ಹಿಡಿದವನಂತೆ.

"ಅಷ್ಟು ವೇಗಕ್ಕೆ ಅಷ್ಟು ದೂರ ಬೇಕಲ್ಲ" ಅಂದರು ಗಡ್ಡದ ಮಾಸ್ಟ್ರು ಇಳಿಯುತ್ತಾ. ಅವತ್ತು ಅವರು ಆಡಿದ ಮೊದಲ ಮಾತು. ಲೆಕ್ಚರರು "ತಾತ್ವಿಕವಾಗಿ..." ಅಂತ ಶುರು ಮಾಡಿ ಟೈಲರ್ ಮುಖ ನೋಡಿ ನಿಲ್ಲಿಸಿದರು. ಅವರು ನಿಲ್ಲಲು ಯಾವ ದೂರವೂ ಬೇಡ.

ಈಗ ಭಾವನ ಸರದಿ. ಕಾರು ನಿಂತಲ್ಲೇ ನಿಂತಿತ್ತು. ಭಾವ ಎದ್ದರು, ಶರ್ಟು ಎಳೆದುಕೊಂಡರು, ನಡೆದು ಹೋಗಿ ಅಭ್ಯಾಸಬಲದಿಂದ ಪಕ್ಕದ ಸೀಟಿನಲ್ಲೇ ಕೂತರು. ಕೂತ ಮೇಲೆ ಎಡವಟ್ಟು ಗೊತ್ತಾಯಿತು. ಇಡೀ ಮೈದಾನ ಖಾಲಿ ಡ್ರೈವರ್ ಸೀಟನ್ನೇ ನೋಡುತ್ತಿತ್ತು. ಶಾಮಿಯಾನದ ಕೆಳಗೆ ಅಕ್ಕ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು.

"ಓಡಿಸೋರು ಯಾರ್ರೀ?" ಅಂತ ಮೈಕು ಕೇಳಿತು.

ಭಾವನ ಗಂಟಲು ಒಣಗಿರಬೇಕು. ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಸಾರ್, ಓಡಿಸೋದು ಏನು ಮಹಾ? ಕಾಲು ಇರೋ ಯಾರು ಬೇಕಾದ್ರೂ ಓಡಿಸ್ತಾರೆ. ಇದು ನಿಲ್ಲಿಸೋ ಪರೀಕ್ಷೆ. ಇಷ್ಟು ದೊಡ್ಡ ದಿನ, ತಾವೇ ಓಡಿಸ್ಬೇಕು. ನಾನು ನಿಲ್ಲಿಸ್ತೀನಿ!"

ಜನ ಹೋ ಅಂದರು. ಎಂಥ ವಿನಯ, ಎಂಥ ಧೈರ್ಯ! "ಸಾಹೇಬ್ರೇ ಓಡಿಸ್ಲಿ! ಸಾಹೇಬ್ರೇ ಓಡಿಸ್ಲಿ!"

ಸಾಹೇಬರ ಮುಖ ನೋಡಿದೆ. ಆ ಬಣ್ಣ ನನಗೆ ಪರಿಚಯವಿತ್ತು. ಭಾನುವಾರ ಬೆಳಿಗ್ಗೆ ನಮ್ಮ ಬಾಲ್ಕನಿಯಲ್ಲಿ ಕಂಡದ್ದು ಅದೇ ಬಣ್ಣ. ಹುಟ್ಟಿದಾಗಿನಿಂದ ಜೀಪಿನ ಹಿಂದಿನ ಸೀಟಿನಲ್ಲಿ ಕೂತು, ಊರಿಗೆಲ್ಲ ಲೈಸೆನ್ಸ್ ಹಂಚಿದ ಆ ಮನುಷ್ಯನಿಗೂ ಕಾರು ಓಡಿಸಲು ಬರುತ್ತಿರಲಿಲ್ಲ!

"ನಾನಾ? ಅದು ಇಲಾಖೆ ನಿಯಮದ ಪ್ರಕಾರ... ಓನರಮ್ಮ, ನೀವೇ ಕೂತ್ಕೊಳ್ಳಿ, ನಿಮ್ಮ ಕಾರು."

"ಅಯ್ಯೋ, ನಾನು ಸೀರೆ ಉಟ್ಟಿದೀನಿ ಸಾರ್" ಅಂದರು ಓನರಮ್ಮ ಗಾಬರಿಯಿಂದ. ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲು ನಡೆಸುತ್ತಿರುವ ಹೆಂಗಸು ಹೇಳಿದ ಮಾತು ಇದು. ಅವರ ಶಿಷ್ಯೆಯರಲ್ಲಿ ಅರ್ಧ ಜನ ಸೀರೆ ಉಟ್ಟೇ ಪಾಸಾಗಿದ್ದಾರೆ.

ಜನ ಸಾಹೇಬರನ್ನು ತಳ್ಳಿಕೊಂಡೇ ಹೋಗಿ ಸೀಟಿನಲ್ಲಿ ಕೂರಿಸಿದರು. ಸಾಹೇಬರು ಸ್ಟೇರಿಂಗನ್ನು ಬಿಸಿ ಪಾತ್ರೆಯಂತೆ ಮುಟ್ಟಿದರು. ಭಾವ ಅವರನ್ನು ನೋಡಿದರು, ಅವರು ಭಾವನನ್ನು ನೋಡಿದರು. ಒಂದೇ ಬಾವಿಯಲ್ಲಿ ಬಿದ್ದ ಇಬ್ಬರು ಹಾಗೆ ನೋಡಿಕೊಳ್ಳುತ್ತಾರೆ.

ಸಾಹೇಬರು ಕಣ್ಣು ಮುಚ್ಚಿ ಕೀ ತಿರುಗಿಸಿದರು.

ಗಡ್ಡದ ಮಾಸ್ಟ್ರು ಶಿಸ್ತಿನ ಮನುಷ್ಯ, ನಿಲ್ಲಿಸಿದ ಕಾರನ್ನು ಗೇರಿನಲ್ಲೇ ಬಿಟ್ಟು ಇಳಿಯುತ್ತಾರೆ. ಕಾರು ಗಕ್ ಅಂತ ಮುಂದಕ್ಕೆ ಹಾರಿತು. ಭಾವನ ಬಲಗಾಲು ತನಗೆ ತಾನೇ ಬಿತ್ತು. ಅಷ್ಟೇ. ಕಾರು ನಿಂತಿತು, ಎಂಜಿನ್ ಸತ್ತಿತು. ಟೋಪಿ ಹಾರಿ ಮುಂದಿನ ಗಾಜಿಗೆ ಬಡಿಯಿತು. ಅದರ ಹಿಂದೆಯೇ ಹೋದ ಸಾಹೇಬರು ಸ್ಟೇರಿಂಗಿನ ಹತ್ತಿರ ನಿಂತರು, ಹಣೆಯಿಂದ.

ಟೇಪು ಹಿಡಿದವನು ಬಗ್ಗಿದ, ಮತ್ತೆ ಬಗ್ಗಿದ, ಆಮೇಲೆ ನೆಲದ ಮೇಲೆ ಮಲಗಿಯೇ ನೋಡಿದ. ತಲೆ ಎತ್ತಿ ಹೆಬ್ಬೆರಳು ತೋರಿಸಿದ. ಎಲ್ಲ ಸರಿಯಾಗಿದೆ ಅಂತಲ್ಲ, ಇಷ್ಟೇ ದೂರ ಅಂತ.

"ಮತ್ತೊಂದು ಸಲ ನೋಡೋಣ" ಅಂತ ಯಾರೋ ಅಂದರು. ಸಾಹೇಬರು ಕಾರಿನಿಂದ ಜಿಗಿದು ಮೈಕು ಹಿಡಿದರು. ಹಣೆಯ ಮೇಲೆ ಬುಗುಟು ಏಳುತ್ತಿತ್ತು. "ಬೇಡ! ಬೇಡವೇ ಬೇಡ! ಇದಕ್ಕಿಂತ ಪ್ರಮಾಣ ಬೇಕೇನ್ರೀ? ಅವರಿಗೆ ಲಾರಿ ಉದ್ದ. ಇವರಿಗೆ ಹೆಬ್ಬೆರಳು! ನನ್ನ ಸರ್ವೀಸಿನಲ್ಲೇ ಇಂಥ ಬ್ರೇಕ್ ನೋಡಿಲ್ಲ!" ಇದು ನಿಜವೇ. ಅವರ ಸರ್ವೀಸಿನಲ್ಲಿ ಅವರು ಮುಂದಿನ ಸೀಟಿನಿಂದ ನೋಡಿದ ಮೊದಲ ಬ್ರೇಕು ಅದು.

ಟೈಲರ್ ಭಾವನನ್ನು ಎತ್ತಿಕೊಂಡು ಕುಣಿದ. ಕ್ಯಾಷಿಯರ್ ಕಣ್ಣೀರು ಒರೆಸಿಕೊಂಡರು. ಅಕ್ಕ ಅಲ್ಲಿಂದಲೇ ವಾರಗಿತ್ತಿಗೆ ಫೋನು ಹಚ್ಚಿದಳು. ನಿಂತ ಕಾರು ನಿಂತಿತು ಅಂತ ಅಷ್ಟು ಜನ ಕುಣಿದದ್ದನ್ನು ನಾನು ಕಣ್ಣಾರೆ ನೋಡಿದೆ. ಕೂಗಿ ಹೇಳಬೇಕೆನ್ನಿಸಿತು. ಆದರೆ ಹೇಳಿದರೆ ಅಕ್ಕನ ಗತಿ? ನಾಲಗೆ ಕಚ್ಚಿಕೊಂಡೆ.

ಓನರಮ್ಮ ಮೈಕಿನಲ್ಲೇ ಘೋಷಿಸಿದರು. ಭಾವ ಇನ್ನು ಮುಂದೆ ಹೆಡ್ ಮಾಸ್ಟ್ರು. ಗಡ್ಡದ ಮಾಸ್ಟ್ರ ಕಡೆ ತಿರುಗಿ, "ನಾಳೆಯಿಂದ ನೀವು ಬರೋದು ಬೇಡ" ಅಂದರು. ಅದೇ ಉಸಿರಿನಲ್ಲಿ, "ಹಂಗೇ ನಮ್ಮನ್ನ ಮನೆ ತನಕ ಬಿಟ್ಟು ಹೋಗಿಬಿಡಿ" ಅಂದರು.

"ನನ್ನನ್ನೂ" ಅಂದರು ಸಾಹೇಬರು.

ಗಡ್ಡದ ಮಾಸ್ಟ್ರು ಬಂದು ಸ್ಟೇರಿಂಗ್ ಹಿಡಿದರು. ಭಾವ ಪಕ್ಕದಲ್ಲಿ. ಹಿಂದೆ ಓನರಮ್ಮ, ಸಾಹೇಬರು, ಇಬ್ಬರ ನಡುವೆ ಹಿಂಡಿದ ಬಟ್ಟೆಯಂತೆ ನಾನು. ಹೆಡ್ ಮಾಸ್ಟ್ರು ದಾರಿಯುದ್ದಕ್ಕೂ ಉಪದೇಶ ಮಾಡಿದರು. "ನೋಡಿ ಮಾಸ್ಟ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ತಪ್ಪು ಏನು ಗೊತ್ತಾ? ನೀವು ವೇಗವಾಗಿ ಬಂದ್ರಿ. ವೇಗ ಇದ್ದರೆ ತಾನೇ ನಿಲ್ಲೋಕೆ ದೂರ ಬೇಕು?"

"ಎಷ್ಟು ಸರಳವಾಗಿ ಹೇಳಿದ್ರಿ" ಅಂದರು ಸಾಹೇಬರು ಬುಗುಟು ಸವರುತ್ತಾ.

ಪೇಟೆಯ ನಡುವೆ ನಾಲ್ಕು ರಸ್ತೆ ಕೂಡುವ ಜಾಗ ಬಂತು. ಸಂಜೆಯ ಹೊತ್ತು, ಎಲ್ಲ ಕಡೆಯಿಂದ ಬಸ್ಸು, ಲಾರಿ, ಸ್ಕೂಟರು. ಗಡ್ಡದ ಮಾಸ್ಟ್ರು ಕಾರನ್ನು ಸರಿಯಾಗಿ ನಟ್ಟ ನಡುವೆ ತಂದು, ಮೆತ್ತಗೆ, ಒಬ್ಬರ ಮೈಯೂ ಅಲುಗದಂತೆ ನಿಲ್ಲಿಸಿದರು. ಎಂಜಿನ್ ಆಫ್ ಮಾಡಿದರು. ಕೀ ತೆಗೆದು ಭಾವನ ಅಂಗೈಯಲ್ಲಿ ಇಟ್ಟರು. ಇಳಿದು ಬಾಗಿಲು ಹಾಕಿದರು.

"ಏಯ್, ಎಲ್ಲಿಗ್ರೀ?" ಅಂತ ಕಿರುಚಿದರು ಓನರಮ್ಮ.

"ನಾಳೆಯಿಂದ ಬರಬೇಡ ಅಂದ್ರಲ್ಲಮ್ಮ. ಇವತ್ತಿಂದಲೇ ಶುರು ಮಾಡೋಣ ಅಂತ" ಅಂದು, ರಸ್ತೆ ದಾಟಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತರು.

ಹಾರ್ನುಗಳು ಶುರುವಾದವು. ಪೊಲೀಸಿನವನು ಓಡಿ ಬಂದು ಬಾನೆಟ್ಟಿಗೆ ಬಡಿದ. "ಯಾರ್ರೀ ಇದರ ಡ್ರೈವರು?"

"ನಾನು ಓನರ್" ಅಂದರು ಓನರಮ್ಮ.

"ನಾನು ಇನ್‌ಸ್ಪೆಕ್ಟರ್" ಅಂದರು ಸಾಹೇಬರು.

"ನಾನು ಹೆಡ್ ಮಾಸ್ಟರ್" ಅಂದರು ಭಾವ.

"ಅದಲ್ರೀ, ಡ್ರೈವರ್ ಯಾರು?"

ಮೂವರೂ ನನ್ನ ಮುಖ ನೋಡಿದರು. "ನಂಗೂ ಬರಲ್ಲ" ಅಂದೆ ಗಟ್ಟಿಯಾಗಿ. ಆ ಕಾರಿನಲ್ಲಿ ಹಾಗೆ ಬಾಯಿಬಿಟ್ಟು ಹೇಳಿದವನು ನಾನೊಬ್ಬನೇ. ಸಾಹೇಬರನ್ನು ದಾಟಿಕೊಂಡು ಇಳಿದುಬಿಟ್ಟೆ.

ಭಾವನ ಬಂಡವಾಳ ಈಗ ಬಯಲಾಗುತ್ತದೆ, ಕೆಲಸ ಹೋಯಿತು, ಮನೆ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಮೈದಾನದಿಂದ ವಾಪಸು ಬರುತ್ತಿದ್ದ ನಮ್ಮ ಬೀದಿಯ ಗಾಡಿಗಳು ಅಲ್ಲಿಗೆ ಬಂದು ಸೇರಿದವು. ಎಲ್ಲಕ್ಕಿಂತ ಮುಂದೆ ಟೈಲರ್, ದೀಪವಿಲ್ಲದ ಸ್ಕೂಟರಿನಲ್ಲಿ. ಅವನು ಕಾರು ನೋಡಿದ, ಭಾವನನ್ನು ನೋಡಿದ. ಎರಡೂ ಕೈ ಎತ್ತಿ ಕೂಗಿದ.

"ಹಾರ್ನ್ ನಿಲ್ಸ್ರೋ! ಮಾಸ್ಟ್ರು ಕಣ್ರೋ! ಇವತ್ತು ಹೆಬ್ಬೆರಳಲ್ಲಿ ಕಾರು ನಿಲ್ಲಿಸಿದ ಮಾಸ್ಟ್ರು! ಅವರು ಇಲ್ಲಿ ನಿಲ್ಲಿಸಿದಾರೆ ಅಂದ್ರೆ ಏನೋ ಕಾರಣ ಇರುತ್ತೆ!"

ಮೊದಲು ಅವನ ಸ್ಕೂಟರು ಆಫ್ ಆಯಿತು. ಆಮೇಲೆ ಕ್ಯಾಷಿಯರ ಕಾರು. ಲಾರಿಯವನು ಪಕ್ಕದವನನ್ನು ಕೇಳಿದ, ಪಕ್ಕದವನು ಏನೋ ಹೇಳಿದ, ಲಾರಿಯೂ ಆಫ್ ಆಯಿತು. ಒಂದು ಬಸ್ಸು, ಇನ್ನೊಂದು ಬಸ್ಸು. ಪೊಲೀಸಿನವನು ಸುತ್ತ ನೋಡಿ, ಇಷ್ಟು ಜನಕ್ಕೆ ಗೊತ್ತಿರುವುದು ತನಗೊಬ್ಬನಿಗೇ ಗೊತ್ತಿಲ್ಲವೇನೋ ಅನ್ನಿಸಿ, ಭಾವನಿಗೆ ಸೆಲ್ಯೂಟ್ ಹೊಡೆದು ನಾಲ್ಕೂ ರಸ್ತೆಗೆ ಕೈ ಅಡ್ಡ ಹಿಡಿದ. ಭಾವ ಕಿಟಕಿಯ ಗಾಜು ಇಳಿಸಿ, ಗಂಭೀರವಾಗಿ ಆಕಾಶ ನೋಡಿದರು. ಎಲ್ಲರೂ ಆಕಾಶ ನೋಡಿದರು.

ಕೆಲಸ ಉಳಿಯಿತು. ಇನ್ನು ಅದನ್ನು ಕಿತ್ತುಕೊಳ್ಳಲು ಯಾರಪ್ಪನಿಂದಲೂ ಆಗುವುದಿಲ್ಲ. ಊರಿಗೆ ಊರೇ ಎಂಜಿನ್ ಆಫ್ ಮಾಡಿ ಅವರ ಅಪ್ಪಣೆಗೆ ಕಾಯುತ್ತಿತ್ತು.

ಗಡ್ಡದ ಮಾಸ್ಟ್ರು ಟೀ ಮುಗಿಸಿ, ಲೋಟ ಬೆಂಚಿನ ಮೇಲಿಟ್ಟು, ನಿಂತ ಬಸ್ಸು ಲಾರಿಗಳ ನಡುವೆ ದಾರಿ ಮಾಡಿಕೊಂಡು ಮನೆ ಕಡೆ ನಡೆದರು. ಆ ನಾಲ್ಕು ರಸ್ತೆಯಲ್ಲಿ ಆಗ ಚಲಿಸುತ್ತಿದ್ದದ್ದು ಕೆಲಸ ಕಳೆದುಕೊಂಡ ಆ ಮನುಷ್ಯ ಒಬ್ಬನೇ.